ಏಳು ಸೆಕೆಂಡು ಜಾಸ್ತಿ

ಕಿಸುಮುವಿನ ಈ ಕಾಲೇಜಿನಲ್ಲಿ ನಮ್ಮದು ಮೂರನೇ ಮಹಡಿ.
ಹದಿನಾಲ್ಕು ಮಕ್ಕಳು, ಒಂಬತ್ತು ಫೋನು,
ಸೈಕಲ್ ಟ್ಯೂಬಿನಲ್ಲಿ ಕಾಲು ಬಿಗಿದ ಒಂದು ಟ್ರೈಪಾಡು.
ಮೊದಲ ದಿನ ಬೋರ್ಡಿನ ಮೇಲೆ ಬರೆಯುತ್ತೇನೆ:
ತೊಂಬತ್ತು ಸೆಕೆಂಡು.
ಆಮೇಲೆ ಗಡಿಯಾರ ನೋಡುತ್ತ ಸುಮ್ಮನೆ ನಿಲ್ಲುತ್ತೇನೆ, ಅಷ್ಟೂ ಹೊತ್ತು.
ನಗುತ್ತಾರೆ, ಕೆಮ್ಮುತ್ತಾರೆ,
ಎಪ್ಪತ್ತರ ಹೊತ್ತಿಗೆ ಯಾರಾದರೊಬ್ಬ ಕಿಟಕಿಯಾಚೆ ನೋಡತೊಡಗುತ್ತಾನೆ.
ನೋಡಿದಿರಾ, ಎನ್ನುತ್ತೇನೆ, ಎಷ್ಟು ಉದ್ದ ಇದೆ!

ಇಪ್ಪತ್ತೆರಡು ವರ್ಷ ರೇಡಿಯೊದಲ್ಲಿ ಸುದ್ದಿ ಓದಿದ ಬಾಯಿ ನನ್ನದು;
ಚಿತ್ರದ ಪಾಠ ಈ ಮಕ್ಕಳ ಜೊತೆಗೇ ಕಲಿತೆ.
ಕಣ್ಣಿಗೆ ಕಾಣುವುದನ್ನು ಬಾಯಲ್ಲಿ ಹೇಳಬೇಡಿ.
ಬಾಣದ ಗುರುತು ಹಾಕಿದರೆ ಅದು ಎಲ್ಲಿಗಾದರೂ ಮುಟ್ಟಬೇಕು.
ಶೇಕಡಾ ಬೇಡ; ಹತ್ತರಲ್ಲಿ ಮೂರು ದೋಣಿ ಅನ್ನಿ.
ಎತ್ತು ಈಯಿತು ಎಂದವನಿಗೆ ಹಗ್ಗ ಹುಡುಕಿಕೊಡಬೇಡಿ,
ಕೊಟ್ಟಿಗೆಯ ಬಾಗಿಲು ತೆಗೆಸಿ.

ನ್ಯಾಂಗ್ವೆಸೊ ವ್ಯಾನಿನ ದರ ಯಾಕೆ ಏರಿತೆಂದು ವಿವರಿಸಿದ,
ಸೋಡಾ ಮುಚ್ಚಳಗಳನ್ನು ಮೇಜಿನ ಮೇಲೆ ಸರಿಸುತ್ತ:
ಇದು ಡೀಸೆಲ್, ಇದು ಮಾಲೀಕ, ಇದು ಯಾರದೋ ಚಾಚಿದ ಕೈ.
ಎಂಬತ್ತೆಂಟು ಸೆಕೆಂಡು. ಚಪ್ಪಾಳೆ.
ಚೆಲಂಗಾಟ್ ಅರ್ಧ ಪರದೆಗೆ ತನ್ನ ಮುಖವನ್ನೇ ತುಂಬಿದ್ದಳು,
ಮತ್ತೆ ಮಾಡಿಸಿದೆ. ಇನ್ನೂ ಮಾತು ಬಿಟ್ಟಿದ್ದಾಳೆ.

ಅಪೊಂಡಿ ತಂದದ್ದು ಜಲಕಳೆ.
ಗಾಳಿ ತಿರುಗಿದರೆ ಅದು ಒಂದೇ ರಾತ್ರಿಯಲ್ಲಿ
ಸರೋವರದ ಕೊಲ್ಲಿಯನ್ನು ಹೇಗೆ ಮುಚ್ಚಿಬಿಡುತ್ತದೆ ಎಂಬುದು.
ಒಂದು ಬೇಸಿನ್ನು, ನೀರು, ಮೇಲೆ ಹೆಚ್ಚಿದ ಸುಕುಮಾ ಸೊಪ್ಪು.
ಬಾಯಲ್ಲಿ ಊದಿದಳು, ಸೊಪ್ಪೆಲ್ಲ ಒಂದು ಅಂಚಿಗೆ ಸರಿಯಿತು.
ಇಷ್ಟು ಚೊಕ್ಕವಾಗಿ ನಾನೂ ಹೇಳಲಾರೆ ಅಂದುಕೊಂಡೆ.
ಹೊಲದ ಗೊಬ್ಬರ, ಊರಿನ ಚರಂಡಿ, ಬೇರು, ಉಸಿರುಗಟ್ಟಿದ ಮೀನು,
ಒಂದರ ಹಿಂದೊಂದು, ಎಲ್ಲೂ ಹೆಜ್ಜೆ ತಪ್ಪಲಿಲ್ಲ.

ಕೊನೆಗೊಂದು ದೋಣಿ.
ಹಸಿರಿನ ನಡುವೆ ಸಿಕ್ಕಿಕೊಂಡಿದೆ. ಒಬ್ಬ ಮುದುಕ ಹುಟ್ಟು ಹಾಕುತ್ತಾನೆ,
ದೋಣಿ ಕದಲುವುದಿಲ್ಲ. ಮತ್ತೆ ಹಾಕುತ್ತಾನೆ.
ಹುಟ್ಟನ್ನು ಒಳಗೆಳೆದು ತೊಡೆಯ ಮೇಲಿಟ್ಟುಕೊಂಡು
ಕ್ಯಾಮೆರಾದ ಕಡೆಯಲ್ಲ, ದಡದ ಕಡೆಯೂ ಅಲ್ಲ,
ಎಲ್ಲಿಗೋ ಮುಖಮಾಡಿ ಕೂತೇ ಇರುತ್ತಾನೆ.
ಮಾತಿಲ್ಲ. ಅಕ್ಷರವಿಲ್ಲ. ಬಾಣವಿಲ್ಲ.
ಒಟ್ಟು ತೊಂಬತ್ತೇಳು.

"ಆ ಏಳು ಕತ್ತರಿಸು," ಅಂದೆ.
"ನೋಡುವವರಿಗೆ ಅದರಿಂದ ಏನು ತಿಳಿಯುತ್ತದೆ?"
"ಏನೂ ಇಲ್ಲ ಸರ್," ಅಂದಳು. "ಅವನಿಗೂ ಏನೂ ತಿಳಿಯಲಿಲ್ಲ.
ಮೂರು ಗಂಟೆ ಹಾಗೇ ಇದ್ದ. ನಾನು ಏಳು ಸೆಕೆಂಡು ಇಟ್ಟಿದ್ದೇನೆ."

ನಿಯಮ ನಿಯಮವೇ. ಎರಡು ಅಂಕ ಕಳೆದೆ, ಕೆಂಪು ಶಾಯಿಯಲ್ಲಿ.
ತರಗತಿಗೆ ಅದು ಸರಿಯೆನಿಸಿತು, ನ್ಯಾಂಗ್ವೆಸೊಗೆ ತುಸು ಹೆಚ್ಚೇ.

ಆ ರಾತ್ರಿ ಕರೆಂಟು ಹೋಗಿತ್ತು.
ಫೋನಿನಲ್ಲಿ ಶೇಕಡಾ ಹನ್ನೊಂದು ಉಳಿದಿತ್ತು
(ನೋಡಿ, ನನ್ನ ಬಾಯಲ್ಲೂ ಬಂತು).
ಬೇಸಿನ್ನು ದಾಟಿಸಿ, ಸೊಪ್ಪು ದಾಟಿಸಿ, ದೋಣಿಗೆ ಬಂದೆ.
ಬೆರಳಲ್ಲಿ ಹಿಂದಕ್ಕೆಳೆದು ಮತ್ತೊಮ್ಮೆ.
ಅವನ ಕಾಲ ಬಳಿ ಬುಟ್ಟಿಯಲ್ಲಿ ಓಮೆನಾ ಮೀನು,
ಬೆಳ್ಳಿ ಬಣ್ಣ ಆಗಲೇ ಮಾಸುತ್ತಿತ್ತು.
ದೋಣಿಯ ಮೂತಿಯಲ್ಲಿ ರಾತ್ರಿ ಬೇಟೆಯ ಲಾಂದ್ರ,
ಅಷ್ಟು ಬಿಸಿಲಲ್ಲೂ ಉರಿಯುತ್ತಲೇ ಇತ್ತು.
ಆರಿಸಲು ಅವನಿಗೆ ನೆನಪಾಗಿರಲಿಲ್ಲ.
ತರಗತಿಯಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.
ಅಲ್ಲಿ ನಾನು ಗಡಿಯಾರ ನೋಡುತ್ತಿದ್ದೆ.

ಅಂಕ ತಿದ್ದಲಿಲ್ಲ. ಪಟ್ಟಿ ಆಗಲೇ ಆಫೀಸಿಗೆ ಹೋಗಿತ್ತು.
ಈ ವರ್ಷವೂ ಬೋರ್ಡಿನ ಮೇಲೆ ಬರೆದೆ, ಅದನ್ನೇ.
ಹಿಂದಿನ ಬೆಂಚಿನಿಂದ ಯಾರೋ ಕೇಳಿದರು:
ಸರ್, ನಾಲ್ಕೈದು ಸೆಕೆಂಡು ಹೆಚ್ಚಾದರೆ?
ಎರಡು ಅಂಕ ಹೋಗುತ್ತದೆ, ಅಂದೆ.
ಬೇಕಿದ್ದರೆ ಕೊಟ್ಟು ಕೊಂಡುಕೊಳ್ಳಿ.